ಜಟ್ಟೆಪ್ಪನ ಮುಳ್ಳುಬದನೆ

ಸನ್ನತಿಯ ಕಾಗೆಗಳು ಊಟದ ವಿಷಯದಲ್ಲಿ ಹಟ ಹಿಡಿಯುವ ಪೈಕಿ ಅಲ್ಲ. ಹಳಸಿದ ಅನ್ನ, ಕರಕಲು ರೊಟ್ಟಿ, ಗುಡಿಯ ಮುಂದೆ ಬಿದ್ದ ಕೊಬ್ಬರಿ ಚೂರು, ಒಮ್ಮೆ ಶಾಲೆಯ ಮಾಸ್ತರರ ಹಲ್ಲಿನ ಸೆಟ್ಟು, ಯಾವುದನ್ನೂ ಅವು ಬೇಡವೆಂದದ್ದು ಊರಲ್ಲಿ ಯಾರಿಗೂ ನೆನಪಿಲ್ಲ. ಅಂಥ ಊರಿನ ಕಾಗೆಯೊಂದು ಜಟ್ಟೆಪ್ಪನ ಮೂರನೇ ದಿನದ ಎಡೆಯ ಮುಂದೆ ಬಂದು ಕೂತಿತು. ಬದನೆಕಾಯಿ ಎಣಗಾಯಿಯನ್ನು ಎಡಗಣ್ಣಿನಿಂದ ನೋಡಿತು, ಬಲಗಣ್ಣಿನಿಂದ ನೋಡಿತು, ಒಂದು ಸಲ ಕುಕ್ಕಿತು. ಆಮೇಲೆ ಕೊಕ್ಕನ್ನು ಕಲ್ಲಿಗೆ ಒರೆಸಿಕೊಂಡು ಭೀಮಾ ನದಿ ದಾಟಿ ಆಚೆ ದಂಡೆಗೆ ಹೋಯಿತು. ಮರದ ಮೇಲಿದ್ದ ಉಳಿದ ಕಾಗೆಗಳಿಗೆ ಅದು ಏನು ಹೇಳಿತೋ, ಒಂದೂ ಕೆಳಗಿಳಿಯಲಿಲ್ಲ.

ಸುಡುಗಾಡಿನಲ್ಲಿ ನಿಂತ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಗೆ ಕುಕ್ಕಿತಲ್ಲ, ಮುಗಿಯಿತು ಎಂದು ಹಸಿದವರು ಅಂದರು. ಕುಲದ ಹಿರಿಯ ಭಾಗಣ್ಣ ಮಾತ್ರ ಒಪ್ಪಲಿಲ್ಲ. ಅವನು ಎಷ್ಟೋ ಎಡೆ ನೋಡಿದ ಮನುಷ್ಯ, ಕಾಗೆಯ ಮನಸ್ಸು ಅವನಿಗೆ ತಿಳಿಯುತ್ತದೆ ಎಂದು ಊರು ನಂಬಿತ್ತು.

"ಕುಕ್ಕಿದ್ದು ಖರೆ ಅದ. ಆದ್ರ ಕೊಕ್ಕು ಒರಸ್ಕೊಂತಲ್ಲ, ಅದು ಉಗುಳಿದ್ಹಂಗ. ಜಟ್ಟೆಪ್ಪ ಒಲ್ಲೆ ಅಂದಾನ," ಅಂದ ಭಾಗಣ್ಣ.

ಎಡೆಯ ಹತ್ತಿರ ಕೈಕಟ್ಟಿ ನಿಂತಿದ್ದ ಅಣವೀರ ತಲೆ ಎತ್ತಲಿಲ್ಲ. ಸತ್ತವನ ಮಗ ಅವನೇ, ಆ ಬದನೆಕಾಯಿ ತಂದವನೂ ಅವನೇ. ಇನ್ನೊಂದು ಕಾಯಿ ಬೇಯಿಸಿ ಇಡೋಣವೆಂದು ಮೆಲ್ಲಗೆ ಹೇಳಿದ. ಅವನ ತರಕಾರಿ ಟೆಂಪೊದಲ್ಲಿ ಟ್ರೇಗಟ್ಟಲೆ ಇದ್ದವು. ಇಟ್ಟರು. ಬಿಸಿಲು ಏರಿತು, ಎಣ್ಣೆ ಆರಿತು, ಇರುವೆಗಳು ಕೂಡ ರೊಟ್ಟಿಯ ಕಡೆಯಿಂದ ಬಂದು ರೊಟ್ಟಿಯ ಕಡೆಯಿಂದಲೇ ಹೋದವು. ಮಧ್ಯಾಹ್ನಕ್ಕೆ ಎಲ್ಲರೂ ಮನೆಗೆ ಮರಳಿದರು. ನೆಂಟರು ಒಬ್ಬೊಬ್ಬರಾಗಿ ಬೇರೆ ಮನೆಗಳಲ್ಲಿ ಉಂಡರು. ಜಟ್ಟೆಪ್ಪನ ಹೆಂಡತಿ ಭೀಮಮ್ಮ ಉಣ್ಣಲಿಲ್ಲ. ಕಾಗೆ ಮುಟ್ಟುವ ತನಕ ಸತ್ತವನ ಮನೆಯವರು ಉಣ್ಣಬಾರದೆಂಬುದು ರೂಢಿ. ಬಹಳ ಮಂದಿ ಆ ರೂಢಿಯನ್ನು ಬಾಗಿಲು ಮುಚ್ಚಿಕೊಂಡು ಒಳಗೆ ಉಂಡು ಪಾಲಿಸುತ್ತಾರೆ. ಭೀಮಮ್ಮ ನಿಜವಾಗಿಯೂ ಪಾಲಿಸಿದಳು. ಗಂಡ ಸತ್ತ ದಿನದಿಂದ ಅವಳ ಬಾಯಿಗೆ ಹೋದದ್ದು ಗುಟುಕು ನೀರು ಮಾತ್ರ. ಕಂಬಳಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅವಳ ಬೆನ್ನು ಬಡಿದಿಟ್ಟ ಹಲಗೆಯಂತೆ ಕಾಣುತ್ತಿತ್ತು.

ಜಟ್ಟೆಪ್ಪನಿಗೆ ಟೆಂಪೊದ ಆ ಬದನೆಕಾಯಿಯ ಮೇಲೆ ಸಿಟ್ಟಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಭೀಮೆಯ ನೀರು ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ಕರಿ ಮೆಕ್ಕಲು ಮಣ್ಣಿನಲ್ಲಿ ಅವನು ಜೀವಮಾನವಿಡೀ ಮುಳ್ಳುಬದನೆ ಬೆಳೆದವನು. ಸಣ್ಣ ಕಾಯಿ, ನೇರಳೆ ಮೈಗೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಬೆಳಿಗ್ಗೆ ಕಿತ್ತರೆ ಮಧ್ಯಾಹ್ನದೊಳಗೆ ವಾಡಿಯಲ್ಲೋ ಶಹಾಬಾದ್‌ನಲ್ಲೋ ಒಲೆ ಏರಬೇಕು, ಸಂಜೆಗೆ ಬಾಡುತ್ತಿತ್ತು. ಅದರ ಬಗ್ಗೆ ಊರಲ್ಲಿ ಹೇಳುವ ಮಾತುಗಳಲ್ಲಿ ಅರ್ಧ ಸುಳ್ಳು. ಬಾಣಲೆಯಲ್ಲಿ ಎಣ್ಣೆ ಕಾಯುವ ಮೊದಲೇ ಬೇಯುತ್ತಿತ್ತಂತೆ. ಒಬ್ಬ ಕಲ್ಲು ಗಣಿಯ ಕೆಲಸಗಾರ ಅದನ್ನು ತಿಂದು ಮರೆತುಹೋಗಿದ್ದ ಅತ್ತೆಯ ಹೆಸರು ನೆನಪಿಸಿಕೊಂಡನಂತೆ. ಇವನ್ನು ಬಿಟ್ಟರೂ, ಆ ಕಾಯಿಗೆ ಕೂತು ತಿನ್ನುವಂಥ ರುಚಿ ಇತ್ತು ಎಂಬ ಇನ್ನರ್ಧ ನಿಜ.

ಅಣವೀರ ಟೆಂಪೊ ತಂದದ್ದು ತಪ್ಪು ಮಾಡಬೇಕೆಂದಲ್ಲ. ಕಲಬುರಗಿಯ ಮಂಡಿಯಿಂದ ವಾಡಿಗೆ, ವಾಡಿಯಿಂದ ಹೊಳೆದಂಡೆಯ ಹಳ್ಳಿಗಳಿಗೆ ತರಕಾರಿ ತಂದ. ಉರಿಬೇಸಿಗೆಯಲ್ಲಿ ಹೂಕೋಸು ತಂದ, ಮಳೆಗಾಲದಲ್ಲಿ ಗಜ್ಜರಿ ತಂದ. ಜನ ಅವನನ್ನು ದೇವರಂತೆ ಕಾಯುತ್ತಿದ್ದರು. ಬದನೆಕಾಯಿಯನ್ನೂ ತಂದ. ಕನ್ನಡಿಯಂತೆ ಹೊಳೆಯುವ, ಮುಳ್ಳಿಲ್ಲದ, ದಪ್ಪ ಕಾಯಿ. ಅದು ಎಲ್ಲಿ ಹುಟ್ಟುತ್ತದೆಂದು ಅವನಿಗೂ ತಿಳಿಯದು. ನಾಸಿಕದ ಕಡೆ ಅಂತ ಒಬ್ಬರು, ಆಂಧ್ರ ಅಂತ ಒಬ್ಬರು ಅನ್ನುತ್ತಿದ್ದರು. ತಂಪು ಗೋದಾಮಿನಲ್ಲಿ ಮಲಗಿ, ಲಾರಿ ಬದಲಿಸಿ, ಹೈದರಾಬಾದಿನಲ್ಲಿ ಮತ್ತೆ ಮಲಗಿ ಬರುತ್ತಿತ್ತು. ಜಟ್ಟೆಪ್ಪ ಬದುಕಿನಲ್ಲಿ ಶಹಾಬಾದ್ ದಾಟಿದವನಲ್ಲ. ಅವನ ಎಡೆಗಿಟ್ಟ ಬದನೆಕಾಯಿ ಮೂರು ರಾಜ್ಯ ನೋಡಿಕೊಂಡು ಬಂದಿತ್ತು.

ಅದು ಅಗ್ಗವಾಗಿತ್ತು, ಚುಚ್ಚುತ್ತಿರಲಿಲ್ಲ. ಊರಿನ ಹೆಂಗಸರು ಮೊದಮೊದಲು ಜಟ್ಟೆಪ್ಪನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು, ಆಮೇಲೆ ಕಾಣುವಂತೆಯೇ ಒಯ್ದರು. ಜಟ್ಟೆಪ್ಪ ಒಂದು ಕಾಯಿ ತಂದು ಗೋಡೆಯ ಗೂಡಿನಲ್ಲಿ ಇಟ್ಟು ಕಾದ. ವಾರ ಹೋಯಿತು, ಪಕ್ಷ ಹೋಯಿತು, ಕಾಯಿಯ ಹೊಳಪು ಹೋಗಲಿಲ್ಲ. ಅಮಾವಾಸ್ಯೆ ಬಂದಾಗ ಅವನಿಗೆ ಅದರ ಭಯ ಹತ್ತಿತು. ಸಾಯಲು ಬಾರದ ವಸ್ತು ಮನೆಯಲ್ಲಿ ಇರಬಾರದೆಂದು ಹೊಳೆಗೆ ಒಗೆದು ಬಂದ. ಮುಂದಿನ ವರ್ಷ ಅವನು ಬದನೆ ಹಾಕಲಿಲ್ಲ. ಹೊಲವನ್ನು ಹತ್ತಿ ಹಾಕುವವರಿಗೆ ಗೇಣಿಗೆ ಕೊಟ್ಟ. ಮಡಕೆಯಲ್ಲಿದ್ದ ಬೀಜ ಇಲಿಗಳ ಪಾಲಾಯಿತು. ಕೊನೆಯ ಜ್ವರದಲ್ಲಿ ಮಲಗಿದಾಗ ಬದನಿಕಾಯಿ ಬೇಕು ಅಂದ. ಸೊಸೆ ಸುನಿತಾ ಟೆಂಪೊದ ಕಾಯಿಯನ್ನೇ ಮಾಡಿ ಬಾಯಿಗಿಟ್ಟಳು. ಅವನು ಅಗಿದು, ತುಸು ಹೊತ್ತು ಯೋಚಿಸಿ, ತೆಗೆದಿಟ್ಟ.

"ಇದು ಬದನಿಕಾಯಿ ಅಲ್ಲವ್ವ. ಬದನಿಕಾಯಿದು ಫೋಟೋ," ಅಂದ. ಮಾರನೇ ದಿನ ಹೋದ.

ಹೀಗಾಗಿ ಕಾಗೆ ಯಾಕೆ ಒಲ್ಲೆ ಅಂದಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಜಟ್ಟೆಪ್ಪನ ಬೀಜದ ಕಾಯಿಯೇ ಬೇಕು, ಅದನ್ನು ಎಲ್ಲಿಂದಾದರೂ ತಾ, ಇಲ್ಲವೆಂದರೆ ಒಂದು ಎಡೆಯಲ್ಲಿ ಎರಡು ಹೆಣ ಆಗುತ್ತದೆ ಎಂದು ಭಾಗಣ್ಣ ಅಣವೀರನಿಗೆ ಹೇಳಿ ಎದ್ದ. ಅಣವೀರ ತಾಯಿಯ ಹತ್ತಿರ ಕೂತು ಬೇಡಿಕೊಂಡ. ಅವಳು ಗೋಡೆಗೇ ಮಾತಾಡಿದಳು.

"ಅವರು ಉಪಾಸ ಇದ್ದಾರ. ನಾ ಹ್ಯಾಂಗ ಉಣ್ಲಿ?"

ಕೇಳಿದವರಿಗೆಲ್ಲ ಒಂದು ಚಿಟಿಕೆ ಬೀಜ ಕೊಟ್ಟು ಕಳಿಸುವ ಚಟ ಜಟ್ಟೆಪ್ಪನಿಗೆ ಇತ್ತು. ಯಾರಿಗೆ ಕೊಟ್ಟಿದ್ದ ಎಂಬುದು ಭೀಮಮ್ಮನಿಗೆ ನೆನಪಿತ್ತು. ವಾಡಿಯ ಒಬ್ಬ ರೈಲ್ವೆ ಗ್ಯಾಂಗ್‌ಮನ್, ಶಹಾಬಾದ್‌ನ ಸಂತೆಯಲ್ಲಿ ಅವನ ಪಕ್ಕ ಕೂರುತ್ತಿದ್ದ ಲತೀಫಾ, ಆಡಕಿಯ ಒಬ್ಬ ಬೀಗರು, ಮತ್ತೆ ಒಬ್ಬಳು ಕುಂಚಾವರಂ ಕಡೆಯ ಅನಸುಬಾಯಿ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಬ್ಬಸ ಬಂತು. ಬಾಗಿಲಲ್ಲಿ ನಿಂತಿದ್ದ ಜೈಭೀಮ ಮೋಟಾರ್ ಸೈಕಲ್ ಕೀಲಿ ತೆಗೆದ. ಅವನು ಅಣವೀರನ ಜೊತೆಗೇ ಆಡಿ ಬೆಳೆದವನು, ಈಗ ಕರೆಂಟಿನ ಲೈನ್‌ಮನ್. ಬುದ್ಧನನ್ನು ನಂಬುವ ಮನೆಯವನು, ಕಾಗೆಯನ್ನು ನಂಬುವವನಲ್ಲ.

"ನಾ ಕಾಗಿ ಸಲುವಾಗಿ ಬರಾಕತ್ತಿಲ್ಲ. ದೊಡ್ಡವ್ವನ ಸಲುವಾಗಿ ಬರಾಕತ್ತೀನಿ. ಹತ್ತು," ಅಂದ.

ವಾಡಿಯ ಗ್ಯಾಂಗ್‌ಮನ್ ನಿವೃತ್ತನಾಗಿ ಮನೆಯ ಮುಂದೆ ಕೂತಿದ್ದ. ಬದನೆಕಾಯಿ ಅಂದ ಕೂಡಲೇ ಸಂತೋಷಪಟ್ಟು ಒಳಗೆ ಹೋದ. ಇದೆ, ಇನ್ನೂ ಒಂದು ಇದೆ ಅಂದ. ಹೊರಗೆ ಬಂದಾಗ ಅವನ ಕೈಯಲ್ಲಿ ಬೂದಿ ಬಣ್ಣದ ಒಂದು ಕಾಯಿ ಇತ್ತು. ಹಿತ್ತಲಲ್ಲಿ ಬೆಳೆದ ಕೊನೆಯ ಗಿಡದ್ದು. ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂರುತ್ತ ಕೂರುತ್ತ, ಒಂದು ಸಂಜೆ ಮಳೆ ಬಿದ್ದು, ಬೆಳಗಾಗುವುದರೊಳಗೆ ಕಾಯಿ ಗಟ್ಟಿಯಾಗಿತ್ತಂತೆ. ಅವನ ಹೆಂಡತಿ ಅದರಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಾಳೆ. ಜೈಭೀಮ ಬೆರಳಿನಿಂದ ಬಡಿದು ನೋಡಿದ, ಒಳ್ಳೆಯ ಶಬ್ದ ಬಂತು. ಒಯ್ಯಿರಿ, ಮೊಳೆಗೆ ಬೇರೆ ಏನಾದರೂ ಹುಡುಕಿಕೊಳ್ಳುತ್ತೇನೆ ಎಂದು ಗ್ಯಾಂಗ್‌ಮನ್ ಬಹಳ ಉಪಚಾರ ಮಾಡಿದ. ಇವರು ನೀರು ಕುಡಿದು ಎದ್ದರು.

ಲತೀಫಾ ಶಹಾಬಾದ್‌ನಲ್ಲಿ ಸಂತೆಯ ಮೂಲೆಯಲ್ಲೇ ಸಿಕ್ಕಳು. ಅವಳು ಮುಚ್ಚಿಹೋದ ಒಂದು ಕಲ್ಲುಗಣಿಯ ಗುಂಡಿಯ ಅಂಚಿನಲ್ಲಿ ಮಣ್ಣು ಹೊತ್ತು ಹಾಕಿ ಜಟ್ಟೆಪ್ಪನ ಬದನೆ ಬೆಳೆದಿದ್ದಳು. ಈಗ ಅವಳ ಮುಂದಿನ ಗೋಣಿಯ ಮೇಲೆ ಕನ್ನಡಿಯಂಥ ಕಾಯಿಗಳೇ ಇದ್ದವು. ಜಟ್ಟೆಪ್ಪ ಸತ್ತ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಅಣವೀರನನ್ನು ಮೇಲಿಂದ ಕೆಳಗೆ ನೋಡಿದಳು.

"ನಾ ಬೆಳದು ತಂದ್ರ ನಿನ್ನಂಥಾ ಟೆಂಪೊದವರು ಅರ್ಧಾ ರೇಟಿಗಿ ಇಳಸಿ ಹೋಗ್ತಿದ್ರಿ ಬೇಟಾ. ನಿಮ್ಮಪ್ಪನ ಬದನಿಗಿ ಸಂಜಿ ಆದ್ರ ಮುಖ ಬಾಡ್ತಿತ್ತು. ಇವಕ್ಕ ಮುಖಾನೇ ಇಲ್ಲ, ಬಾಡೋದೇನು?"

ಅಣವೀರ ಗೋಣಿಯ ಮೇಲಿನ ಕಾಯಿಗಳನ್ನು ನೋಡಿದ. ಆ ಕಾಯಿಗಳಲ್ಲಿ ಕೆಲವು ಅವನ ಟ್ರೇಯಿಂದಲೇ ಇಳಿದವು ಎಂದು ಅವನಿಗೆ ಗುರುತು ಸಿಕ್ಕಿತ್ತು. ಲತೀಫಾ ಒಂದು ಹಿಡಿ ಹುಣಸೆಹಣ್ಣು ಕಟ್ಟಿ ಭೀಮಮ್ಮನಿಗೆಂದು ಕೊಟ್ಟಳು. ಬಾಯಿಗೆ ರುಚಿ ಬಂದಾಗ ಚಪ್ಪರಿಸಲಿ ಅಂದಳು.

ಸೇಡಂ ದಾರಿಯಲ್ಲಿ ಎರಡೂ ಕಡೆ ತೊಗರಿ. ಕಣ್ಣು ಹೋದಷ್ಟು ದೂರ ತೊಗರಿ, ಕಣ್ಣು ಹೋಗದಲ್ಲೂ ತೊಗರಿಯೇ ಇರಬೇಕು. ಅಷ್ಟು ತೊಗರಿಯ ನಡುವೆ ಒಂದು ಗೂಡಂಗಡಿಯಲ್ಲಿ ಬಣ್ಣದ ಪ್ಯಾಕೆಟ್ಟಿನಲ್ಲಿ ತೊಗರಿಬೇಳೆ ತೂಗುಹಾಕಿದ್ದರು. ಹಿಂದೆ ನೋಡಿದರೆ ಎಲ್ಲಿಯೋ ದೂರದ ಊರಿನ ವಿಳಾಸ. ಇಲ್ಲಿಂದ ಹೋಗಿ, ಚರ್ಮ ಸುಲಿಸಿಕೊಂಡು, ಹೊಳಪು ಹಚ್ಚಿಕೊಂಡು, ಹುಟ್ಟಿದ ಹೊಲವನ್ನು ಅಂಗಡಿಯಿಂದ ನೋಡುತ್ತ ತೂಗುತ್ತಿತ್ತು. ಆಡಕಿಯ ಬೀಗರು ಇವರನ್ನು ಕೂರಿಸಿ ಚಹಾ ಕೊಟ್ಟು ತಮ್ಮ ಕಥೆ ಹೇಳಿದರು. ಬದುವಿನ ಮೇಲೆ ಬದನೆ ಇತ್ತು, ಬೆಂಡೆ ಇತ್ತು, ಪುಂಡಿ ಇತ್ತು. ಕಸ ಸಾಯಲೆಂದು ಹೊಲಕ್ಕೆ ವಿಷದ ಎಣ್ಣೆ ಹೊಡೆಯಲು ಶುರು ಮಾಡಿದ ಮೇಲೆ ಗಾಳಿಗೆ ಬದುವೂ ಸುಟ್ಟಿತು. ಈಗ ಅವರ ಹೊಲದಲ್ಲಿ ತೊಗರಿ ಬಿಟ್ಟು ಬೇರೆ ಏನೂ ಹುಟ್ಟುವ ಧೈರ್ಯ ಮಾಡುವುದಿಲ್ಲ. ಪಲ್ಯಕ್ಕೆ ಅವರೂ ಟೆಂಪೊ ಕಾಯುತ್ತಾರೆ.

ಆಡಕಿ ಬಿಟ್ಟ ಮೇಲೆ ಜೈಭೀಮ ಗಾಡಿಯ ವೇಗ ಏರಿಸಿದ. ಸುನಿತಾ ಫೋನ್ ಮಾಡಿದ್ದಳು. ಅತ್ತಿ ಈಗ ನೀರೂ ಒಲ್ಲೆ ಅಂತಾಳ ಎಂದಷ್ಟೇ ಹೇಳಿ ಇಟ್ಟಿದ್ದಳು. ಚಿಂಚೋಳಿ ದಾಟಿ, ಕಾಡು ಹತ್ತಿ, ಬೋರ್ಡಿನ ಮೇಲೆ ತೆಲುಗು ಕಾಣತೊಡಗಿದಾಗ ಅಣವೀರನಿಗೆ ತಾನು ತಾಯಿಯಿಂದ ಎಷ್ಟು ದೂರ ಬಂದುಬಿಟ್ಟೆ ಎನ್ನಿಸಿತು. ತನ್ನ ಅಪ್ಪನ ಹೊಲದಲ್ಲೇ ಬೆಳೆಯುತ್ತಿದ್ದುದನ್ನು ಹುಡುಕಲು ಇಷ್ಟು ಪೆಟ್ರೋಲ್ ಸುಟ್ಟವನು ಭೂಮಿಯ ಮೇಲೆ ತಾನೊಬ್ಬನೇ ಇರಬೇಕು.

ಕುಂಚಾವರಂ ಆಚೆಯ ಒಂದು ತಾಂಡಾದಲ್ಲಿ ಅನಸುಬಾಯಿ ಸಿಕ್ಕಳು. ಮುದುಕಿ. ಹರೆಯದಲ್ಲಿ ಶಹಾಬಾದ್‌ಗೆ ಕಲ್ಲು ಒಡೆಯಲು ಹೋಗಿದ್ದಾಗ ಜಟ್ಟೆಪ್ಪನ ಬುಟ್ಟಿಯಿಂದ ಕಾಯಿ ಕೊಂಡು ತಿಂದವಳು, ಬೀಜ ಬೇಡಿ ತಂದವಳು. ಗುಡಿಸಲ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ಒಣಗಿದ ಒಂದು ಗಿಡ ನಿಂತಿತ್ತು. ಮೊಮ್ಮಕ್ಕಳಿಗೆ ಮುಳ್ಳಿನ ಕಾಯಿ ಬೇಡವಂತೆ, ತಾಂಡೂರಿನ ಕಡೆಯಿಂದ ಗಾಡಿ ಬರುತ್ತದಂತೆ. ಈ ವರ್ಷ ಉಳಿದದ್ದು ಇದೊಂದೇ ಗಿಡ. ಗಿಡದಲ್ಲಿ ಒಂದೇ ಕಾಯಿ, ಹಣ್ಣಾಗಿ ಹಳದಿ ತಿರುಗಿತ್ತು. ಯಾರೂ ಕೀಳಬಾರದೆಂದು ತೊಟ್ಟಿಗೆ ಕೆಂಪು ದಾರ ಕಟ್ಟಿದ್ದಳು. ಬೀಜಕ್ಕೆ ಬಿಟ್ಟ ಕಾಯಿಗೆ ಎಲ್ಲ ಕಡೆಯೂ ಅದೇ ಗುರುತು.

ಜಟ್ಟೆಪ್ಪ ಹೇಗಿದ್ದಾನೆ ಎಂದು ಅವಳು ಕೇಳಿದಳು. ಇದ್ದಾನೆ ಎಂದ ಅಣವೀರ.

"ಬೀಜಕ್ಕಂದ್ರ ಒಯ್ಯಿ. ತಿನ್ಲಿಕ್ಕಂದ್ರ ಬಿಟ್ಟು ಹೋಗು. ಇದು ಹ್ವಾದ್ರ ಹೋತು, ಮತ್ತ ನನ್ನ ಬಲ್ಲಿ ಇಲ್ಲ," ಅಂದಳು ಮುದುಕಿ.

"ಬೀಜಕ್ಕೇ ಆಯಿ."

"ನಿಮ್ಮಪ್ಪನ ಆಣಿ ಮಾಡು."

ಅಣವೀರ ಆಣೆ ಮಾಡಿದ. ಅವಳು ದಾರ ಬಿಚ್ಚದೆ ಕಾಯಿ ಕಿತ್ತು, ತನ್ನ ಸೆರಗಿನ ಅಂಚು ಹರಿದು ಸುತ್ತಿ ಕೊಟ್ಟಳು. ಹೊತ್ತು ಮುಳುಗಿದ್ದರಿಂದ ಆ ರಾತ್ರಿ ತಾಂಡಾದಲ್ಲೇ ಮಲಗಿದರು. ಬೆಳಕು ಹರಿಯುವಾಗ ಹೊರಟರು. ಚಿಂಚೋಳಿಯಲ್ಲಿ ಜೈಭೀಮ ಗಾಡಿ ನಿಲ್ಲಿಸಿ ಕೇಳಿದ.

"ಸತ್ತವರ ಆಣಿ ನಡೀತದೇನಲೇ?"

"ಕಾಗಿ ನಂಬಲ್ದಾವ ನೀ. ಆಣಿ ಹ್ಯಾಂಗ ನಂಬ್ತಿ?"

"ಕಾಗಿ ಹಾರಿ ಹೋಗ್ತದ. ಆ ಮುದುಕಿ ಅಲ್ಲೇ ಕೂತಿರ್ತಾಳ."

ಅಣವೀರ ಕಾಯಿಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಮುಳ್ಳು ಎದೆಗೆ ಚುಚ್ಚುತ್ತಿತ್ತು. ಅವ್ವ ಬದುಕಲಿ, ಬೀಜದ ಮಾತು ಆಮೇಲೆ ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಕಷ್ಟವಾಗಲಿಲ್ಲ. ಟೆಂಪೊ ಕೊಂಡಾಗಲೂ ಹೀಗೇ ಏನೋ ಒಂದನ್ನು ಆಮೇಲೆಗೆ ಇಟ್ಟುಕೊಂಡಿದ್ದ.

ಸನ್ನತಿಯಲ್ಲಿ ಎಲ್ಲ ತಯಾರಿತ್ತು. ಸುನಿತಾ ಶೇಂಗಾ, ಎಳ್ಳು, ಗುರೆಳ್ಳು ಹುರಿದು ಕುಟ್ಟಿ ಮಸಾಲೆ ಮಾಡಿದ್ದಳು. ಭಾಗಣ್ಣ ಪಡಸಾಲೆಯಲ್ಲಿ ಕೂತಿದ್ದ. ಭೀಮಮ್ಮ ಗೋಡೆ ಬಿಟ್ಟು ಅಂಗಾತ ಮಲಗಿದ್ದಳು, ತುಟಿ ಒಡೆದಿದ್ದವು. ಅಣವೀರ ಅಂಗಿಯಿಂದ ಕಾಯಿ ತೆಗೆದು ನೇರವಾಗಿ ಹೆಂಡತಿಯ ಕೈಗೆ ಕೊಟ್ಟು ಬೇಗ ಮಾಡು ಅಂದ. ಸುನಿತಾ ಬಟ್ಟೆ ಬಿಚ್ಚಿ ನೋಡಿದವಳು ಒಲೆಯ ಕಡೆ ಹೋಗಲಿಲ್ಲ. ಅತ್ತೆಯ ಕಡೆ ಹೋದಳು.

"ಅತ್ತಿ, ಇದು ಹಣ್ಣಾಗ್ಯದ. ದಾರ ಕಟ್ಯಾರ."

ಭೀಮಮ್ಮ ಕೈ ಚಾಚಿದಳು. ತೊಟ್ಟು ಮುಟ್ಟಿದಳು, ದಾರ ಮುಟ್ಟಿದಳು. ಮುಳ್ಳಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದಳು. ಯಾರು ಕೊಟ್ಟರೆಂದು ಕೇಳಿದಳು. ಅನಸುಬಾಯಿ ಎಂದ ಅಣವೀರ. ಏನು ಅಂತ ಕೊಟ್ಟಳು ಎಂದು ಕೇಳಿದಳು.

"ಬೀಜಕ್ಕಂತ ಕೊಟ್ಟಾಳ ದೊಡ್ಡವ್ವ," ಎಂದ ಬಾಗಿಲಲ್ಲಿದ್ದ ಜೈಭೀಮ. "ಇವ ಅಪ್ಪನ ಆಣಿ ಮಾಡ್ಯಾನ. ಆಕಿ ಬಲ್ಲಿ ಮತ್ತೊಂದಿಲ್ಲ."

ಅಣವೀರ ಅವನನ್ನು ನೋಡಿದ ನೋಟಕ್ಕೆ ಲೈನ್ ಇದ್ದರೆ ಟ್ರಿಪ್ ಆಗುತ್ತಿತ್ತು. ಆಮೇಲೆ ತಾಯಿಯ ಕಾಲ ಹತ್ತಿರ ಕೂತು ಹೇಳಿಬಿಟ್ಟ. ನೀನು ಉಳಿದರೆ ಸಾಕು, ಬೀಜ ಹಾಳಾಗಲಿ, ಆಣೆ ನನ್ನ ತಲೆಯ ಮೇಲೆ ಇರಲಿ ಅಂದ. ಸುನಿತಾ ನಡುವೆ ಬಾಯಿ ಹಾಕಿ, ಬೀಜ ತೆಗೆದಿಟ್ಟುಕೊಂಡು ಉಳಿದದ್ದನ್ನು ಬೇಯಿಸಿದರೆ ಎರಡೂ ಆಗುತ್ತದಲ್ಲ ಎಂದಳು. ಅಲ್ಲಿದ್ದವರಿಗೆಲ್ಲ ಅದು ಸರಿ ಅನ್ನಿಸಿತು. ಭಾಗಣ್ಣನಿಗೆ ಅನ್ನಿಸಲಿಲ್ಲ. ಎಡೆಗಿಡುವ ಎಣಗಾಯಿ ತೊಟ್ಟು ಸಮೇತ ಇಡಿಯಾಗಿರಬೇಕು, ನಾಲ್ಕು ಸೀಳು ಹಾಕಬಹುದು, ಒಳಗಿನದು ತೆಗೆಯುವಂತಿಲ್ಲ. ಅವನ ಅಪ್ಪನ ಕಾಲದಿಂದಲೂ ಹಾಗೇ.

"ಬೀಜ ತಗದ ಕಾಯಿ ಇಡೋದಂದ್ರ ಬಸರಿ ಹೊಟ್ಟಿ ಬಗದು ಎಡಿ ಇಟ್ಟಂಗ," ಅಂದ.

ಭೀಮಮ್ಮ ಮೊಣಕೈ ಊರಿ ಎದ್ದು ಕೂತಳು. ಕೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಯಾರೂ ಹಿಡಿಯಲು ಧೈರ್ಯ ಮಾಡಲಿಲ್ಲ.

"ಹಂಗಾರ ಇಡಿಯಾಗಿ ಸುಡೋ ಎಣ್ಣ್ಯಾಗ ಹಾಕಿದ್ರ ಏನಂತಾರ್ರಿ ಭಾಗಣ್ಣಾ?"

ಭೀಮಮ್ಮ ಸೊಸೆಗೆ ಈಳಿಗೆ ತರಲು ಹೇಳಿದಳು, ಒಲೆಯ ಬೂದಿ ತರಲು ಹೇಳಿದಳು. ಕಾಯಿಯನ್ನು ತೊಟ್ಟಿನಿಂದ ತುದಿಗೆ ಸೀಳಿ, ಉಗುರಿನಲ್ಲಿ ಬೀಜ ಬಿಡಿಸಿ, ಬೂದಿಯಲ್ಲಿ ತಿಕ್ಕಿ, ಕಾಗದದ ಮೇಲೆ ಹರಡಿದಳು. ಒಂದು ಬೀಜವೂ ನೆಲಕ್ಕೆ ಬೀಳಲಿಲ್ಲ. ಆಮೇಲೆ ರೊಟ್ಟಿ ಕೇಳಿದಳು.

ಸುನಿತಾ ಜೋಳದ ರೊಟ್ಟಿ ತಂದು ಕೊಟ್ಟಳು. ಭೀಮಮ್ಮ ಚೂರು ಮುರಿದು, ಲತೀಫಾ ಕೊಟ್ಟ ಹುಣಸೆಗೆ ಉಪ್ಪು ಹಚ್ಚಿ, ಬಾಯಿಗಿಟ್ಟು ನಿಧಾನ ಅಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ದವಡೆ ನಿಲ್ಲಲಿಲ್ಲ.

ಭಾಗಣ್ಣ ಎದ್ದು ನಿಂತ. ಕಾಗೆ ಮುಟ್ಟದೆ ಉಂಡ ಮನೆಗೆ ಸೂತಕ ಬಿಡುವುದಿಲ್ಲ, ಕುಲದವರು ಯಾರೂ ಇಲ್ಲಿ ನೀರು ಮುಟ್ಟುವುದಿಲ್ಲ, ಜಟ್ಟೆಪ್ಪ ಅನ್ನವಿಲ್ಲದೆ ಹೊಳೆದಂಡೆಯಲ್ಲಿ ಅಲೆಯುತ್ತಾನೆ ಎಂದು ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ. ಅವನಿಗೂ ಜಟ್ಟೆಪ್ಪ ಗೆಳೆಯ.

"ಬದುಕಿದ್ದಾಗ ಒಂದು ಕಾಯಿ ಸಲುವಾಗಿ ನಾಕು ತಿಂಗಳ ಕಾಯ್ತಿದ್ರು," ಅಂದಳು ಭೀಮಮ್ಮ, ಬಾಯೊಳಗಿನದನ್ನು ನುಂಗಿ. "ಈಗ ಏನು ಗಡಿಬಿಡಿ ಅದ ಅವರಿಗಿ? ಕಾಯ್ಲಿ."

ಭಾಗಣ್ಣ ಚಪ್ಪಲಿ ಹಾಕಿಕೊಂಡು ಹೋದ. ಅವನ ಹಿಂದೆ ಉಳಿದವರೂ ಹೋದರು. ಜೈಭೀಮ ಒಬ್ಬ ಒಳಗೆ ಬಂದು ನೀರು ಕೇಳಿ ಕುಡಿದ.

ಸೂತಕದ ಮನೆಯವನ ಟೆಂಪೊದಿಂದ ಊರು ತರಕಾರಿ ಕೊಳ್ಳಲಿಲ್ಲ. ಟ್ರೇಗಳಲ್ಲಿ ಬದನೆಕಾಯಿ ಮೊದಲ ದಿನದ ಹಾಗೇ ಹೊಳೆಯುತ್ತ ಕೂತಿತ್ತು. ಎಲೆಕೋಸು ಹೊರಗೆ ಹಸಿರಾಗಿದ್ದು ಒಳಗೆ ಕಪ್ಪು ನೀರಾಗಿತ್ತು. ಅಣವೀರ ಎಮ್ಮೆಗೆ ಹಾಕಿದ. ಎಮ್ಮೆ ಮೂಸಿ, ಅವನನ್ನು ಒಮ್ಮೆ ನೋಡಿ, ಒಣ ಸೊಪ್ಪೆಗೇ ಹೋಯಿತು. ಕೆಲವು ದಿನ ಊರ ಹೆಂಗಸರು ಬದುವಿಗೆ ಹೋಗಿ ಹಕ್ಕರಿಕೆ, ಗೋಳಿಪಲ್ಯ ಕಿತ್ತು ತಂದರು. ಮುದುಕರು ಎಷ್ಟೋ ವರ್ಷದ ಮೇಲೆ ಬಾಯಿಗೆ ಸೊಪ್ಪಿನ ರುಚಿ ಹತ್ತಿತು ಎಂದು ಕಟ್ಟೆಯ ಮೇಲೆ ಮಾತಾಡಿಕೊಂಡರು. ಇನ್ನೇನು ಊರು ಬದಲಾಯಿತು ಅನ್ನುವಷ್ಟರಲ್ಲಿ ಹೊಳೆಯ ಆಚೆಯಿಂದ ಬೇರೆ ಒಂದು ಟೆಂಪೊ ಬಂತು. ಅದರಲ್ಲಿ ಹೂಕೋಸೂ ಇತ್ತು, ಮೈಕಿನಲ್ಲಿ ಹಾಡೂ ಇತ್ತು. ಬದುವಿನ ಕಡೆ ಮತ್ತೆ ಯಾರೂ ಹೋಗಲಿಲ್ಲ.

ಹೊಳೆದಂಡೆಯ ಹೊಲ ಹತ್ತಿಯವರ ಕೈಯಲ್ಲಿತ್ತು. ಊರಲ್ಲಿ ಅಣವೀರನ ಪಾಲಿಗೆ ಉಳಿದ ಒಳ್ಳೆಯ ಮಣ್ಣು ಒಂದೇ ಕಡೆ, ಹಿತ್ತಲಲ್ಲಿ ಟೆಂಪೊ ನಿಲ್ಲುತ್ತಿದ್ದ ಜಾಗದಲ್ಲಿ. ಅಲ್ಲಿ ಮೊದಲು ಅವನ ಅಪ್ಪನ ತಿಪ್ಪೆ ಇತ್ತು. ಟೆಂಪೊವನ್ನು ರಸ್ತೆಗೆ ತಳ್ಳಿ, ಎಣ್ಣೆ ಸೋರಿದ ಮೇಲ್ಮಣ್ಣು ಕೆರೆದು ಹೊರಗೆ ಹಾಕಿ, ಅಗೆದು, ಮಡಿ ಮಾಡಿದ. ಬೀಜ ಹಾಕಿದ್ದು ಭೀಮಮ್ಮ. ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಹುಟ್ಟಿದವಕ್ಕೆ ಎಳೆಯ ಮುಳ್ಳು ಮೂಡಿದ ದಿನ ಅಣವೀರ ಅವನ್ನು ಮುಟ್ಟಿ ಮುಟ್ಟಿ ನೋಡಿದ. ಒಂದು ಸಸಿಯನ್ನು ಡಬ್ಬಿಯಲ್ಲಿಟ್ಟು ಜೈಭೀಮನ ಜೊತೆ ಅನಸುಬಾಯಿಗೆ ಕಳಿಸಿದ. ತಾನೇ ಹೋಗುವ ಮುಖ ಇರಲಿಲ್ಲ.

ಭೀಮಮ್ಮನ ಹೊಟ್ಟೆ ಮತ್ತೆ ಹಳೆಯ ದಾರಿಗೆ ಬರಲಿಲ್ಲ. ಆ ಉಪವಾಸ ಒಳಗೆ ಏನನ್ನೋ ಮುರಿದಿತ್ತು. ಅರ್ಧ ರೊಟ್ಟಿ ಹೋದರೆ ಹೆಚ್ಚು, ಅದೂ ಒಮ್ಮೊಮ್ಮೆ ಹೊರಗೆ ಬರುತ್ತಿತ್ತು. ಚಿತ್ತಾಪುರದ ಡಾಕ್ಟರು ಟಾನಿಕ್ ಬರೆದುಕೊಟ್ಟು, ತಾಜಾ ತರಕಾರಿ ಕೊಡಿ ಅಂದರು. ಅಣವೀರ ಆಗಲಿ ಸಾಹೇಬ್ರ ಎಂದು ಬಂದ. ಬೆಳಿಗ್ಗೆ ಎತ್ತಿಕೊಂಡು ಹೋಗಿ ಮಡಿಯ ಹತ್ತಿರ ಹೊರಸಿನ ಮೇಲೆ ಕೂರಿಸಿದರೆ ಅವಳು ಸಂಜೆಯ ತನಕ ಗಿಡ ನೋಡುತ್ತ ಕೂರುತ್ತಿದ್ದಳು. ಅವಳ ತೂಕ ತೋಳಿಗೆ ದಿನದಿನಕ್ಕೆ ಕಡಿಮೆ ತಿಳಿಯುತ್ತಿತ್ತು. ಅಣವೀರ ಅದನ್ನು ಯಾರಿಗೂ ಹೇಳಲಿಲ್ಲ, ಎತ್ತುವಾಗ ಭಾರ ಆದವನ ಹಾಗೆ ಉಸಿರು ಬಿಡುತ್ತಿದ್ದ.

ಗಿಡಗಳು ಮೊಣಕಾಲೆತ್ತರ ಬಂದು ಮೊದಲ ನೇರಳೆ ಹೂವು ಬಿಟ್ಟ ಬೆಳಿಗ್ಗೆ ಭೀಮಮ್ಮ ಸೊಸೆಯನ್ನು ಹತ್ತಿರ ಕರೆದಳು. ಅಣವೀರ ಕೊಡ ಹಿಡಿದು ಸಾಲಿನ ಆ ತುದಿಯಲ್ಲಿದ್ದ.

"ಸುನಿತಾ, ಮೊದಲ್ನೇ ಕಾಯಿ ಅವರಿಗಿ ಇಡು. ಎರಡನೇದು ನನಗ."

"ಹಂಗ್ಯಾಕ ಅಂತೀರಿ ಅತ್ತಿ. ನೀವು ಕೈಯಾರೆ ತಿಂತೀರಿ."

"ಕೇಳು ಇಲ್ಲಿ. ಎರಡೂ ಒಂದೇ ಎಲಿಮ್ಯಾಗ ಇಡಬ್ಯಾಡ. ನನ್ನದೂ ಅವರೇ ತಿಂತಾರ."

ಅಣವೀರ ಕೊಡ ಬಗ್ಗಿಸಿ, ಕೊನೆಯ ಗಿಡದ ಬುಡಕ್ಕೆ ನೀರು ಬಿಟ್ಟ.